ಲೆಕ್ಕದ ಪುಸ್ತಕಕ್ಕೆ ಗಟ್ಟಿ ಮನೆ
(ಭಾಷಣದ ಪಾಠ)



ಪುಣೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿದ್ದವರಿಗೆ ಗಂಟುಮೂಟೆ ಕಟ್ಟುವ ಕಷ್ಟ ಹೇಳಬೇಕಾಗಿಲ್ಲ. ನಾನು ಬ್ಯಾಂಕಿನ ಗುಮಾಸ್ತ. ಸಂಜೆ ಒಂದು ರೂಪಾಯಿ ಹೊಂದದಿದ್ದರೂ ಏಳುವಂತಿಲ್ಲ. ಇಂದು ಲೆಕ್ಕವೆಲ್ಲ ಇರುವುದು ಒರಾಕಲ್‌ನಂಥ ಡೇಟಾಬೇಸಿನಲ್ಲಿ. ಕಂಪ್ಯೂಟರನ್ನು ನಡೆಸುವ ಲಿನಕ್ಸೇ ಅನೇಕ ಕಡೆ ಅದರ ಮನೆ. ಹಿಂಜವಡಿಯಲ್ಲಿ ಆ ಮನೆ ಆರಿಸುವ ನಮ್ಮ ಮಕ್ಕಳಿಗೆ ಎರಡು ಮಾತು.

ಲಿನಕ್ಸಿನಲ್ಲಿ ಬಗೆಗಳು ಹಲವು. ಫೆಡೋರಾ ಹೊಸತನದಲ್ಲಿ ಮುಂದು. ಆದರೆ ಅದರ ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಆರೈಕೆ. ಕಾಸಿಲ್ಲದೆ ದೊರೆಯುತ್ತಿದ್ದ ಸೆಂಟ್‌ಓಎಸ್ 8 ಅನ್ನು 2029ರವರೆಗೆ ನಂಬಿದವರಿದ್ದರು. 2020ರ ಡಿಸೆಂಬರಿನಲ್ಲಿ ಪ್ರಕಟಣೆ ಬಂತು, 2021ರ ಕೊನೆಗೆ ಅದರ ಆಯುಸ್ಸು ಮುಗಿಯಿತು.

ಆದ್ದರಿಂದ ಮೊದಲು ಡೇಟಾಬೇಸ್ ಮಾರುವವರ ಒಪ್ಪಿಗೆಯ ಪಟ್ಟಿಯನ್ನು, ಆವೃತ್ತಿಯ ಸಂಖ್ಯೆಯ ಸಹಿತ, ನೋಡಿರಿ. ಒರಾಕಲ್ಲಿನ ಪಟ್ಟಿಯಲ್ಲಿ ರೆಡ್ ಹ್ಯಾಟ್, ಸೂಸೆ, ಒರಾಕಲ್ ಲಿನಕ್ಸ್ ಇವೆ, ಸೆಂಟ್‌ಓಎಸ್ ಇರಲಿಲ್ಲ. ಬಳಿಕ ಆರೈಕೆಯ ವರ್ಷಗಳನ್ನೆಣಿಸಿರಿ: ರೆಡ್ ಹ್ಯಾಟಿನ ಮುಖ್ಯ ಆವೃತ್ತಿಗೆ 10 ವರ್ಷ. ಹಣದ ಅಡಚಣೆಯಿದ್ದರೆ ಒರಾಕಲ್ ಲಿನಕ್ಸನ್ನು ಬಿಟ್ಟಿಯಾಗಿಯೇ ಇಳಿಸಿಕೊಳ್ಳಬಹುದು. ಆಸರೆಗೆ ಮಾತ್ರ ಹಣ.

ಆ ಲೆಕ್ಕದ ಹಿಂದೆ ಊರು ಬಿಟ್ಟು ಬಂದವರ ದುಡಿಮೆಯ ಗಂಟಿದೆ. ಮನೆಯ ಅಂದಕ್ಕಿಂತ ಕರಾರಿನ ಅವಧಿ ನೋಡಿರೆಂದು ಬಿನ್ನವಿಸಿ ವಿರಮಿಸುತ್ತೇನೆ.