ಮುರಿದ ಮೂಳೆ ಮತ್ತು ಹತ್ತು ಅಂಕಗಳು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯಲ್ಲಿ ಮುರಿದ ಮೂಳೆಯ ಮಾತು ತೆಗೆದವನನ್ನು ಕಂಡು ತಮಗೆ ನಗು ಬಂದೀತು. ಆದರೆ ಮುಂಬಯಿಯ ನಮ್ಮ ಮನೆಗಳಿಗೆ ಊರಿನಿಂದ ಮುದಿ ತಾಯಿತಂದೆಗಳು ಬಂದು ನೆಲೆಸಿದ್ದಾರೆ; ಬಚ್ಚಲಿನ ನೆಲವೋ ಬಹಳ ನುಣುಪು. ನಾನು ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡುವ ವೈದ್ಯ. ಟೊಂಕ ಮುರಿಯಿತೆಂದು ನಾವು ಹೇಳಿದರೂ, ವಾಸ್ತವವಾಗಿ ಮುರಿಯುವುದು ತೊಡೆಯ ಮೂಳೆಯ ಮೇಲ್ತುದಿ. ಆಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಡಾಕ್ಟರೆ, ಈ ವಯಸ್ಸಿನಲ್ಲಿ ಆಪರೇಷನ್ ತಡೆದಾರೆಯೆ?"

ಹಿಂದೆ ಇದಕ್ಕೆ ವೈದ್ಯರು ಅನುಭವದ ಅಂದಾಜಿನಿಂದಲೇ ಉತ್ತರ ಹೇಳುತ್ತಿದ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ವೈದ್ಯರು ತಮ್ಮ ಸಾವಿರಾರು ರೋಗಿಗಳ ದಾಖಲೆಗಳನ್ನು ಶೋಧಿಸಿ ೨೦೦೮ರಲ್ಲಿ ಒಂದು ಅಂಕಪಟ್ಟಿಯನ್ನು ಪ್ರಕಟಿಸಿದರು. ವಯಸ್ಸು ೬೬ರಿಂದ ೮೫ರೊಳಗಿದ್ದರೆ ೩ ಅಂಕ, ಅದಕ್ಕೂ ಮೀರಿದ್ದರೆ ೪. ಗಂಡಸಾದರೆ ಒಂದು, ಹಿಮೋಗ್ಲೋಬಿನ್ ೧೦ ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದು, ವೃದ್ಧಾಶ್ರಮದಂಥ ಕಡೆ ವಾಸವಾದರೆ ಒಂದು, ಹೃದಯ, ಮೂತ್ರಪಿಂಡ, ಶ್ವಾಸಕೋಶ ಮೊದಲಾದವುಗಳ ಕಾಯಿಲೆ ಎರಡು ಇದ್ದರೆ ಒಂದು, ಅರ್ಬುದವಿದ್ದರೆ ಒಂದು, ಜ್ಞಾಪಕಶಕ್ತಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಒಂದು. ಒಟ್ಟು ಹತ್ತು. ಅಂಕ ಏರಿದಷ್ಟೂ ೩೦ ದಿನಗಳೊಳಗೆ ಮರಣದ ಸಂಭವ ಏರುತ್ತದೆ. ಹತ್ತಕ್ಕೆ ಹತ್ತು ಬಂದರೆ ಹೆದರಬೇಕಾದ ಪರೀಕ್ಷೆ ಇದು!

ಈ ಕೊನೆಯ ಅಂಕದ ಮಾತನ್ನು ಕೊಂಚ ವಿಸ್ತರಿಸುತ್ತೇನೆ. ಬೈಲಹೊಂಗಲದ ಕಡೆಯ ೮೪ ವರ್ಷದ ಅಜ್ಜಿಯೊಬ್ಬರು ಬಿದ್ದು ಆಸ್ಪತ್ರೆಗೆ ಬಂದಿದ್ದರು. ಕಾಗದದಲ್ಲಿ "ಬುದ್ಧಿಭ್ರಮಣೆ ಇದೆ" ಎಂದು ಬರೆದಿತ್ತು. ಪರೀಕ್ಷಿಸಿದ ಕಿರಿಯ ವೈದ್ಯರು ಪ್ರಶ್ನೆ ಕೇಳಿದ್ದು ಹಿಂದಿಯಲ್ಲಿ. ಅಜ್ಜಿಗೆ ಬರುವುದು ಕನ್ನಡವೊಂದೇ. ಆ ಹತ್ತು ಪ್ರಶ್ನೆಗಳು ೧೯೭೨ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವು. ಮೊದಲನೆಯ ಮಹಾಯುದ್ಧದ ವರ್ಷ, ಆಳುವ ಅರಸರ ಹೆಸರು ಇತ್ಯಾದಿ ಅದರಲ್ಲಿವೆ! ಅರಸರ ಬದಲು ನಾನು ಪ್ರಧಾನಮಂತ್ರಿಗಳ ಹೆಸರನ್ನು ಕೇಳುತ್ತೇನೆ. ಪಕ್ಕದಲ್ಲಿ ಕುಳಿತು, "ಯವ್ವಾ, ನೀವು ಹುಟ್ಟಿದ ತಾರೀಖು?" ಎಂದೆ. "ತಾರೀಖು ಯಾರು ಬರದಿಟ್ಟಾರೊ ಯಪ್ಪಾ, ಸೀಗೀ ಹುಣ್ಣಿವಿ ಮುಂದ ಹುಟ್ಟಿದಾಕಿ ನಾ" ಎಂದರು. ಇಪ್ಪತ್ತರಿಂದ ಹಿಮ್ಮುಖವಾಗಿ ಎಣಿಸಿರೆಂದರೆ ಎಲ್ಲಿಯೂ ತಪ್ಪದೆ ಒಂದಕ್ಕೆ ಬಂದು ನಿಂತರು. ಐದಿದ್ದ ಅಂಕ ನಾಲ್ಕಾಯಿತು. ಮನೆಯವರ ಮುಖ ಅರಳಿತು.

ಹಾಗಾದರೆ ಅಂಕ ಹೆಚ್ಚಿದ್ದವರಿಗೆ ಶಸ್ತ್ರಕ್ರಿಯೆ ಬೇಡವೆ? ಇಲ್ಲಿಯೇ ನಮ್ಮ ಜನ ಎಡವುವುದು. ಈ ಲೆಕ್ಕ ಶಸ್ತ್ರಕ್ರಿಯೆ ಮಾಡಿಸಿಕೊಂಡವರದು. ಮಾಡಿಸದೆ ಮಲಗಿದವರ ಗಂಡಾಂತರ ಇದರಲ್ಲಿಲ್ಲ. ಮುರಿದ ಕಾಲಿನ ನೋವಿನಲ್ಲಿ ಮಲಗಿದವರಿಗೆ ಬೆನ್ನ ಮೇಲೆ ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಒಂದರ ಹಿಂದೆ ಒಂದು ಬರುತ್ತವೆ. ಹೆಚ್ಚು ಅಂಕವೆಂದರೆ ಹೆಚ್ಚು ಸಿದ್ಧತೆ: ರಕ್ತ ತರಿಸಿಡುವುದು, ಹೃದಯ ತಜ್ಞರನ್ನು ಕರೆಸುವುದು, ತೀವ್ರ ನಿಗಾ ವಿಭಾಗದಲ್ಲಿ ಹಾಸಿಗೆ ಕಾದಿರಿಸುವುದು. ಅಂತ್ಯಕಾಲ ಸಮೀಪಿಸಿದವರ ವಿಚಾರ ಬೇರೆ. ಅಲ್ಲಿಯೂ ಎಷ್ಟೋ ವೇಳೆ ನೋವು ತಗ್ಗಿಸಲೆಂದೇ ಶಸ್ತ್ರಕ್ರಿಯೆ ಮಾಡುತ್ತೇವೆ. ಇನ್ನು, ಈ ಅಂಕ ನೂರು ಜನರಲ್ಲಿ ಎಷ್ಟು ಮಂದಿ ಎಂದು ಹೇಳೀತೇ ಹೊರತು ಆ ನೂರರಲ್ಲಿ ತಮ್ಮ ತಾಯಿ ಯಾವ ಕಡೆ ಎಂದು ಹೇಳಲಾರದು. ಅದನ್ನು ನಾನೂ ಹೇಳಲಾರೆ.

ಹುಬ್ಬಳ್ಳಿಯಿಂದ ಅಣ್ಣ ಬರಲಿ, ಅಮಾವಾಸ್ಯೆ ಕಳೆಯಲಿ ಎಂದು ದಿನ ದೂಡಬೇಡಿರಿ. ದಾಖಲಾದ ದಿನ ಅಥವಾ ಮರುದಿನವೇ ಶಸ್ತ್ರಕ್ರಿಯೆ ಆಗಬೇಕೆಂದು ಬ್ರಿಟನ್ನಿನ ವೈದ್ಯಕೀಯ ಸೂಚನೆ ಹೇಳುತ್ತದೆ. ೧೭ ದೇಶಗಳ ೨,೯೭೦ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನಮ್ಮ ದೇಶದವರೂ ಇದ್ದರು. ಸುಮಾರು ೨೪ ಗಂಟೆಯ ಬದಲು ೬ ಗಂಟೆಯಲ್ಲೇ ಶಸ್ತ್ರಕ್ರಿಯೆಯಾದವರಲ್ಲಿ ಮರಣವೇನೂ ಗಣನೀಯವಾಗಿ ಇಳಿಯಲಿಲ್ಲ. ಆದರೆ ಅವರಿಗೆ ಬುದ್ಧಿಭ್ರಮಣೆ ಕಡಿಮೆಯಾಯಿತು, ಅವರು ಬೇಗ ಎದ್ದು ನಿಂತರು.

ಮನೆಯಲ್ಲಿ ಒಂದು ಚೀಟಿ ಬರೆದಿಡಿರಿ: ಹಿರಿಯರ ಕಾಯಿಲೆಗಳು, ದಿನವೂ ನುಂಗುವ ಮಾತ್ರೆಗಳು, ಅದರಲ್ಲೂ ರಕ್ತ ತೆಳುವಾಗಿಸುವವು, ಬೀಳುವ ಮೊದಲು ಎಷ್ಟು ದೂರ ನಡೆಯುತ್ತಿದ್ದರು ಎಂಬುದು. ಡಾಕ್ಟರು ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳಿರಿ. ಪ್ರಶ್ನೆ ಕೇಳುವಾಗ ಕನ್ನಡ ಬಲ್ಲವರೊಬ್ಬರು ಹಾಸಿಗೆಯ ಬಳಿ ಇರಲಿ. ಯಾರೂ ಸಿಗದಿದ್ದರೆ ನನ್ನ ನಂಬರು ಸಂಘದ ಕಾರ್ಯದರ್ಶಿಗಳ ಬಳಿ ಇದೆ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಬಹುದು.