ಬುದ್ಧಿಯ ಎಲ್ಲೆ

ಅರಸೀಕೆರೆಯ ಸಮೀಪದಲ್ಲಿರುವ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲಿರಿ. ಅದರ ನೆತ್ತಿಯಲ್ಲಿ ವೆಂಕಟರಮಣಸ್ವಾಮಿಯ ಗುಡಿಯಿದೆ. ಅಲ್ಲಿಗೆ ಸಾವಿರಕ್ಕೆ ಮಿಕ್ಕ ಮೆಟ್ಟಿಲುಗಳನ್ನು ಹತ್ತಬೇಕು. ಬೆಟ್ಟದ ಎತ್ತರವೆಷ್ಟು, ಯಾವ ಹೊತ್ತಿನಲ್ಲಿ ಹೊರಟರೆ ಬಿಸಿಲು ತಗಲದು, ವೃದ್ಧರು ಎಲ್ಲೆಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕು, ಇವೆಲ್ಲವನ್ನೂ ಬುದ್ಧಿಯು ಹೇಳಬಲ್ಲುದು. ಏತಕ್ಕಾಗಿ ಹತ್ತಬೇಕು ಎಂದು ಕೇಳಿದರೆ ಮಾತ್ರ ಅದು ತಾನಾಗಿ ಉತ್ತರ ಕೊಡಲಾರದು. ಹರಕೆ ಹೊತ್ತ ಮುದುಕಿಗೂ, ಬೆಟ್ಟದ ಮೇಲಿನ ನೋಟವನ್ನು ಬಯಸುವ ವಿದ್ಯಾರ್ಥಿಗೂ ಹತ್ತುವ ಕಾರಣವನ್ನು ಕೊಡತಕ್ಕದ್ದು ಹೃದಯ.

ವಿದ್ಯಾವಂತರಾದ ನಾವು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಭಾವವೆಂಬುದು ಬುದ್ಧಿಯ ಕಣ್ಣಿಗೆ ಕವಿಯುವ ಮಂಜು, ಅದು ಸರಿದಷ್ಟೂ ನಿರ್ಣಯವು ಶುದ್ಧವಾಗುವುದೆಂದು ನಮ್ಮ ನಂಬಿಕೆ. ಆಂಟೋನಿಯೊ ಡಮಾಸಿಯೊ ಎಂಬ ನರವೈದ್ಯರು 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ವಿರೋಧವಾದ ಸಾಕ್ಷ್ಯವಿದೆ. ಮಿದುಳಿನ ಮುಂಭಾಗವು ಕೆಟ್ಟಿದ್ದ ಕೆಲವು ರೋಗಿಗಳನ್ನು ಅವರು ಪರೀಕ್ಷಿಸಿದರು. ಆ ರೋಗಿಗಳ ಜ್ಞಾಪಕ, ಮಾತು, ತರ್ಕ ಇವು ಸರಿಯಾಗಿಯೇ ಇದ್ದುವು. ಭಾವವು ಮಾತ್ರ ಬತ್ತಿಹೋಗಿತ್ತು. ಅಂಥವನೊಬ್ಬನಿಗೆ ಮುಂದಿನ ಭೇಟಿಗಾಗಿ ಎರಡು ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಹೇಳಲಾಯಿತು. ಹವೆ ಹೇಗಿರಬಹುದು, ಬೇರೆ ಕೆಲಸಗಳೇನಿವೆ ಎಂದು ಸುಮಾರು ಅರ್ಧ ಗಂಟೆಯ ಕಾಲ ಆತನು ಕಾರಣಗಳನ್ನು ತೂಗುತ್ತಲೇ ಇದ್ದನು, ತೀರ್ಮಾನಕ್ಕೆ ಬರಲಿಲ್ಲ. ತಕ್ಕಡಿಯಿತ್ತು, ತೂಕದ ಕಲ್ಲುಗಳಿರಲಿಲ್ಲ.

ಹಾಗಾದರೆ ಭಾವವೊಂದೇ ಸಾಕೆ? ಇದಕ್ಕೆ ಉತ್ತರವನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು. ಇಂದಿನ ಹಳೇಬೀಡು ಹೊಯ್ಸಳರ ರಾಜಧಾನಿಯಾದ ದೋರಸಮುದ್ರವಾಗಿದ್ದ ಕಾಲದಲ್ಲಿ, ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಅದರಲ್ಲಿ ರಾಣಿ ಅಮೃತಮತಿಯು ಮಾವುತನೊಬ್ಬನ ಹಾಡನ್ನು ಕೇಳಿ, ಅವನ ಮುಖವನ್ನು ಕಾಣುವ ಮೊದಲೇ ಮನಸೋಲುತ್ತಾಳೆ. ಅವನ ಕುರೂಪವನ್ನು ದೂತಿಯು ವರ್ಣಿಸಿದರೂ ಹಿಂದೆಗೆಯುವುದಿಲ್ಲ. ಕಡೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಪರೀಕ್ಷೆಗೆ ಒಳಪಡದ ಭಾವವು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಆದರೆ ಅದೇ ಕಥೆಯಲ್ಲಿ ದೊರೆ ಯಶೋಧರನ ಪ್ರಸಂಗವು ನಮ್ಮಂಥವರಿಗೆ ಇನ್ನೂ ಹತ್ತಿರವಾದುದು. ತಾಯಿಯು ಪ್ರಾಣಿಬಲಿಯನ್ನು ಕೊಡೆಂದು ಒತ್ತಾಯಮಾಡುತ್ತಾಳೆ. ಅವನ ಕರುಣೆಯು ಕೂಡದೆನ್ನುತ್ತದೆ. ಆಗ ಬುದ್ಧಿಯು ನಡುದಾರಿಯೊಂದನ್ನು ಹುಡುಕುತ್ತದೆ: ಹಿಟ್ಟಿನ ಕೋಳಿಯನ್ನು ಬಲಿಕೊಡುವುದು. ಜೀವವಿಲ್ಲದುದನ್ನು ಕಡಿದರೆ ಹಿಂಸೆಯೆಲ್ಲಿಯದು? ತರ್ಕದಲ್ಲಿ ಲೋಪವಿಲ್ಲ. ಆದರೂ ಕೊಲ್ಲುವ ಸಂಕಲ್ಪವೇ ಹಿಂಸೆಯೆಂದು ಜನ್ನನ ಕಾವ್ಯದ ನಿರ್ಣಯ. ತಾಯಿ ಮಕ್ಕಳಿಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರಗಳಲ್ಲಿ ಬಳಲುತ್ತಾರೆ. ಯಶೋಧರನ ಹೃದಯವು ಮೊದಲೇ ಸತ್ಯವನ್ನು ನುಡಿದಿತ್ತು. ಬುದ್ಧಿಯು ಅದರ ಬಾಯಿಯನ್ನು ಮುಚ್ಚಿಸಿತು. ಕಚೇರಿಯಲ್ಲಿ, ಸಂಸಾರದಲ್ಲಿ, ರಾಜಕಾರಣದಲ್ಲಿ ನಾವು ಹಿಟ್ಟಿನ ಕೋಳಿಗಳನ್ನು ಎಷ್ಟು ಸಲ ಕಡಿಯುವುದಿಲ್ಲ!

ಆದುದರಿಂದ ಎರಡಕ್ಕೂ ಅವುಗಳ ಅಧಿಕಾರದ ಮೇರೆಯನ್ನು ಗೊತ್ತುಮಾಡುವುದು ಅವಶ್ಯ. ಮಗುವಿಗೆ ಜ್ವರ ಬಂದಾಗ ತಾಯಿಯನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸುವುದು ಪ್ರೀತಿ. ಯಾವ ಔಷಧವನ್ನು ಕೊಡಬೇಕೆಂಬುದು ಪ್ರೀತಿಗೆ ತಿಳಿಯದು. ಅದನ್ನು ವೈದ್ಯನ ಪರೀಕ್ಷೆಯೇ ಹೇಳಬೇಕು. ಹರಕೆಯಿಂದ ಜ್ವರ ಇಳಿಯಿತೆ ಎಂಬುದು ಸಂಗತಿಯ ಪ್ರಶ್ನೆ. ಅದನ್ನು ಹೃದಯದ ತೀರ್ಮಾನಕ್ಕೆ ಬಿಡಲಾಗದು. ಆದರೆ ಆ ತಾಯಿ ಮಾಲೇಕಲ್ಲಿನ ಮೆಟ್ಟಿಲುಗಳನ್ನು ಹತ್ತುವುದನ್ನು ಕಂಡು ನಗುವ ಪದವೀಧರನಿಗೂ ಒಂದು ಮಾತು ಕೇಳಬೇಕು. ಸತ್ಯವು ಸುಳ್ಳಿಗಿಂತ ಮೇಲು ಎಂಬ ತನ್ನ ಒಲವನ್ನು ಆತನು ಯಾವ ತರ್ಕದಿಂದ ಸಾಧಿಸಿದನು? ಆ ಒಲವಿಲ್ಲದಿದ್ದರೆ ತರ್ಕಮಾಡುವ ಶ್ರಮವನ್ನೇ ಆತನು ವಹಿಸುತ್ತಿರಲಿಲ್ಲ.