ಅವಧಿ ಮುಗಿದ ಮೇಲೆ

ಶಿರಸಿಯ ಅಡಿಕೆ ವ್ಯಾಪಾರಾಂಗಣಕ್ಕೆ ಒಮ್ಮೆಯಾದರೂ ಹೋದವರು ಈ ನೋಟವನ್ನು ಕಂಡಿರುತ್ತಾರೆ. ರಾಶಿಯ ಮುಂದೆ ವ್ಯಾಪಾರಸ್ಥ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಮೇಲಿರುವ ಅಡಿಕೆಯನ್ನು ಅವನು ನಂಬುವುದಿಲ್ಲ. ಕೈಯನ್ನು ರಾಶಿಯ ಒಡಲಿಗೇ ತೂರಿಸಿ ತಳದಿಂದ ನಾಲ್ಕನ್ನು ತೆಗೆಯುತ್ತಾನೆ. ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಇನ್ನೊಂದನ್ನು ಮೂಗಿಗೆ ಹಿಡಿಯುತ್ತಾನೆ. ಆಮೇಲೆ ಟೆಂಡರಿನ ಚೀಟಿಯಲ್ಲಿ ದರ ಬರೆಯುತ್ತಾನೆ. ಬರೆದಲ್ಲಿಗೆ ಮುಗಿಯಿತು. ‘ಒಯ್ದು ನೋಡಿದಾಗ ಹುಳುಕು ಸಿಕ್ಕಿತು’ ಎಂದು ವರ್ಷ ಕಳೆದು ಬಂದವನನ್ನು ಕಂಡು ನಗುವವರೇ ಹೆಚ್ಚು. ಕೊಳ್ಳುವವನೇ ಕಣ್ಣಿಟ್ಟು ಕೊಳ್ಳಬೇಕೆಂಬ ಹಳೆಯ ನ್ಯಾಯ ಅಲ್ಲಿ ಒಪ್ಪುತ್ತದೆ. ಅಲ್ಲಿ ಕಣ್ಣಿಗೂ ಅವಕಾಶವುಂಟು, ಕತ್ತಿಗೂ ಅವಕಾಶವುಂಟು.

ಅದೇ ವ್ಯಾಪಾರಸ್ಥ ಅದೇ ಸಂಜೆ ಪೇಟೆಯ ಅಂಗಡಿಯಲ್ಲಿ ಒಂದು ಮೊಬೈಲು ಫೋನು ಕೊಳ್ಳಲು ನಿಂತಾಗ ಅವನ ಜಾಣ್ಮೆಯೆಲ್ಲ ಎಲ್ಲಿ ಹೋಗುತ್ತದೆ? ಪೆಟ್ಟಿಗೆಯ ಬಣ್ಣ ನೋಡುತ್ತಾನೆ. ಅಂಗಡಿಯ ಹುಡುಗ ಹೇಳಿದ ಅಂಕಿಸಂಖ್ಯೆಗಳಿಗೆ ತಲೆದೂಗುತ್ತಾನೆ. ಕತ್ತರಿಸಿ ನೋಡುವಂತಿಲ್ಲ. ನೋಡಿದರೂ ಒಳಗಿನದು ಅವನಿಗೆ ತಿಳಿಯುವಂತಿಲ್ಲ. ಕೈಗೆ ಬರುವ ಭರವಸೆ ಒಂದೇ: ಹನ್ನೆರಡು ತಿಂಗಳ ವಾರಂಟಿ.

ನಾನೂ ಹೀಗೆಯೇ ಒಂದನ್ನು ಕೊಂಡೆ. ಹದಿನಾರು ಸಾವಿರದ ಐನೂರು ರೂಪಾಯಿ ತೆತ್ತೆ. ಹದಿನಾಲ್ಕನೆಯ ತಿಂಗಳಲ್ಲಿ, ಆಷಾಢದ ಒಂದು ರಾತ್ರಿ, ಅದು ಮಲಗಿದ್ದು ಮತ್ತೆ ಏಳಲಿಲ್ಲ. ಬಿದ್ದಿರಲಿಲ್ಲ, ನೆನೆದಿರಲಿಲ್ಲ. ಮಾರಿದ ಅಂಗಡಿಯವರು ‘ಅವಧಿ ಮುಗಿದಿದೆ’ ಎಂದರು. ಹುಬ್ಬಳ್ಳಿಯ ಸೇವಾ ಕೇಂದ್ರದವರು ಬಿಚ್ಚಿ ನೋಡಿ, ಮುಖ್ಯ ಫಲಕವನ್ನೇ ಬದಲಿಸಬೇಕು, ಒಂಬತ್ತು ಸಾವಿರದ ಎಂಟುನೂರು ಆಗುತ್ತದೆ, ಒಳಗಿದ್ದುದೆಲ್ಲ ಅಳಿಯುತ್ತದೆ, ಇಲ್ಲಿ ಸಹಿ ಮಾಡಿ ಎಂದರು.

ಒಳಗೆ ಏನಿತ್ತು? ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆ ಹೇಳಿದ ಹನ್ನೊಂದು ಹಾಡುಗಳಿದ್ದವು. ಮದುವೆಮನೆಯಲ್ಲಿ ಹೆಂಗಸರು ಹೇಳುತ್ತಿದ್ದ, ಎಲ್ಲಿಯೂ ಅಚ್ಚಾಗದ ಹಾಡುಗಳು. ಅವನ್ನು ಬೇರೆ ಕಡೆ ಇಳಿಸಿಟ್ಟುಕೊಳ್ಳದೆ ಹೋದದ್ದು ನನ್ನ ಆಲಸ್ಯ. ಆ ತಪ್ಪನ್ನು ನಾನು ಯಾವ ಕಂಪನಿಯ ತಲೆಗೂ ಕಟ್ಟಲಾರೆ.

ಸಹಿ ಮಾಡುವ ಮೊದಲು ಒಂದು ಮಾತು ಕೇಳಿದೆ. ಫೋನಿನೊಳಗೆ ನೀರು ಹೊಕ್ಕರೆ ಕೆಂಪಾಗುವ ಒಂದು ಪುಟ್ಟ ಬಿಳಿಯ ಗುರುತು ಇರುತ್ತದಂತೆ. ‘ಅದು ಹೇಗಿದೆ?’ ಎಂದೆ. ‘ಬಿಳಿಯೇ ಇದೆ.’ ‘ಪೆಟ್ಟು ಬಿದ್ದ ಗುರುತು?’ ‘ಇಲ್ಲ.’ ‘ಹಾಗಾದರೆ ಕೆಟ್ಟದ್ದೇಕೆ?’ ‘ಒಮ್ಮೊಮ್ಮೆ ಹಾಗೇ ಆಗುತ್ತದೆ, ಸರ್.’ ಆ ಕಡೆಯ ಮಾತು ಅವನ ಬಾಯಲ್ಲಿ ಎಷ್ಟು ಸಹಜವಾಗಿ ಬಂದಿತೆಂದರೆ, ನನಗೆ ಸಿಟ್ಟಿನ ಬದಲು ನಗು ಬಂತು. ನೀರಿಲ್ಲ, ಪೆಟ್ಟಿಲ್ಲ ಎಂಬಷ್ಟನ್ನು ಬರೆದುಕೊಡಲು ಕೇಳಿದೆ. ಒಳ್ಳೆಯ ಹುಡುಗ, ರಸೀದಿಯ ಮೇಲೆ ಬರೆದು ಮೊಹರು ಒತ್ತಿಕೊಟ್ಟ. ಫೋನನ್ನು ಹಾಗೆಯೇ ಹಿಂದಕ್ಕೆ ತಂದೆ.

ಊರಿಗೆ ಬಂದು ಕಾಯಿದೆಯ ಪುಸ್ತಕಗಳನ್ನು ತೆರೆದಾಗ ನನಗೆ ಮೊದಲು ಅಚ್ಚರಿ ತಂದದ್ದು ಹೊಸ ಕಾಯಿದೆಯಲ್ಲ, 1930ರ ಸರಕು ಮಾರಾಟ ಕಾಯಿದೆ. ಅದರ 16ನೆಯ ಕಲಮನ್ನು ಓದುತ್ತಿದ್ದರೆ ಬರೆದವರು ನಮ್ಮ ಅಡಿಕೆ ಅಂಗಳವನ್ನು ನೋಡಿಯೇ ಬರೆದರೋ ಎನ್ನಿಸುತ್ತದೆ. ವಿವರಣೆಯನ್ನು ನಂಬಿ, ಆ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ಕೊಂಡದ್ದು ಮಾರಾಟಕ್ಕೆ ಯೋಗ್ಯವಾದ ಗುಣದ್ದಾಗಿರಬೇಕು. ಹಾಗೆಂದು ಬಾಯಿಬಿಟ್ಟು ಹೇಳದಿದ್ದರೂ ಆ ಷರತ್ತು ವ್ಯವಹಾರದಲ್ಲಿ ಅಡಗಿಯೇ ಇರುತ್ತದೆ. ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಾಗಿದ್ದ ದೋಷಕ್ಕೆ ಮಾತ್ರ ಅವನು ತಕರಾರು ಎತ್ತುವಂತಿಲ್ಲ. ರಾಶಿಗೆ ಕೈ ಹಾಕಿದವನಿಗೆ ಒಂದು ನ್ಯಾಯ, ಮುಚ್ಚಿದ ಪೆಟ್ಟಿಗೆ ಕೊಂಡವನಿಗೆ ಇನ್ನೊಂದು. ಮುಂದೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಮಾರುವವನು ಬಾಯಿಬಿಟ್ಟು ಕೊಟ್ಟ ವಾರಂಟಿಯು, ಕಾಯಿದೆಯೇ ಅಡಗಿಸಿಟ್ಟಿರುವ ಭರವಸೆಗೆ ವಿರುದ್ಧವಾಗಿಲ್ಲದಿದ್ದರೆ, ಅದನ್ನು ಅಳಿಸಿಹಾಕುವುದಿಲ್ಲ.

ಅಂದರೆ ಭರವಸೆಗಳು ಎರಡು. ಒಂದು ಕಂಪನಿ ತಾನಾಗಿ ಕೊಟ್ಟದ್ದು; ಅದಕ್ಕೆ ಹನ್ನೆರಡು ತಿಂಗಳ ಆಯುಷ್ಯ. ಇನ್ನೊಂದು ಕಾಯಿದೆ ಕೊಟ್ಟದ್ದು; ಅದು ಹದಿಮೂರನೆಯ ತಿಂಗಳ ಮೊದಲ ದಿನವೇ ಸಾಯುವುದಿಲ್ಲ. ‘ಅವಧಿ ಮುಗಿದಿದೆ’ ಎಂದು ಅಂಗಡಿಯವರು ಹೇಳುವಾಗ ಮೊದಲನೆಯದರ ವಿಷಯ ಹೇಳುತ್ತಾರೆ. ನಾವು ಎರಡನೆಯದೂ ಮುಗಿಯಿತೆಂದು ಕೇಳಿಸಿಕೊಂಡು ಎದ್ದು ಬರುತ್ತೇವೆ. ಸ್ಪಷ್ಟವಾದ ಕರಾರಿನಿಂದ ಈ ಅಡಗಿದ ಷರತ್ತನ್ನು ತಳ್ಳಿಹಾಕಲು ಹಳೆಯ ಕಾಯಿದೆಯೇ ಎಡೆ ಕೊಟ್ಟಿದೆ ಎಂಬುದನ್ನೂ ಹೇಳಬೇಕು. ಪೆಟ್ಟಿಗೆಯೊಳಗಿನ ಇರುವೆಯಕ್ಷರದ ಕಾಗದಗಳು ಹುಟ್ಟಿದ್ದು ಸುಮ್ಮನೆ ಅಲ್ಲ.

ಗ್ರಾಹಕರ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ. ಅದರ ಜಾಗದಲ್ಲಿ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಗುಣಮಟ್ಟದ ಕೊರತೆ ಯಾವುದಿದ್ದರೂ ಅದು ದೋಷವೇ ಎನ್ನುವ ಈ ಕಾಯಿದೆ, ಸ್ಪಷ್ಟ ಕರಾರಿನಂತೆ ಅಡಗಿದ ಕರಾರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ದೋಷ ಸಿದ್ಧವಾದರೆ ಅದನ್ನು ಸರಿಪಡಿಸಿ, ಇಲ್ಲವೆ ಬೇರೆ ವಸ್ತು ಕೊಡಿ, ಇಲ್ಲವೆ ಹಣ ಹಿಂತಿರುಗಿಸಿ ಎಂದು ಆಯೋಗ ಆಜ್ಞೆ ಮಾಡಬಹುದು.

‘ಸಿದ್ಧವಾದರೆ’ ಎಂಬ ಮಾತಿನಲ್ಲಿ ಕಷ್ಟವೆಲ್ಲ ಇದೆ. ವಾರಂಟಿ ಇರುವಾಗ ಕೆಟ್ಟಿದೆ ಎಂದು ತೋರಿಸಿದರೆ ಬಹುಮಟ್ಟಿಗೆ ಸಾಕು. ಮುಗಿದ ಮೇಲೆ, ಕೆಡುವ ಬೀಜ ಮೊದಲೇ ಒಳಗಿತ್ತು ಎಂದು ತೋರಿಸುವ ಭಾರ ಕೊಂಡವನದು. ಎರಡು ವರ್ಷ ದುಡಿದ ಬ್ಯಾಟರಿ ಸೊರಗಿದರೆ ಅದು ಮುಪ್ಪು, ದೋಷವಲ್ಲ. ಕೈಜಾರಿ ಅಂಗಳದ ಕಲ್ಲಿಗೆ ಬಿದ್ದ ಫೋನಿಗೂ ಈ ಮಾತು ಸಲ್ಲದು. ಬರಿಗಣ್ಣಿಗೆ ತಿಳಿಯದ ದೋಷವನ್ನು ಆಯೋಗವು ಪ್ರಯೋಗಶಾಲೆಗೆ ಕಳಿಸಬಹುದು. ಅದರ ಶುಲ್ಕವನ್ನು ದೂರುದಾರನೇ ಮೊದಲು ಕಟ್ಟಬೇಕಾಗಬಹುದು. ಆದುದರಿಂದಲೇ ಆ ಹುಡುಗ ಬರೆದುಕೊಟ್ಟ ಎರಡು ಸಾಲಿಗೆ ನಾನು ಅಷ್ಟು ಬೆಲೆ ಕೊಟ್ಟದ್ದು. ರಿಪೇರಿಗೆ ಹಣ ತೆತ್ತು, ಮತ್ತೆ ತಿಂಗಳೊಪ್ಪತ್ತಿನಲ್ಲಿ ಅದೇ ರೋಗ ಮರುಕಳಿಸಿದರೆ ಮಾತು ಬೇರೆ. ಅದು ಸೇವೆಯ ಲೋಪ, ಹಳೆಯ ವಾರಂಟಿಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ಸಂಕಟ ಹೇಳಬೇಕು. ಈಗ ಅಂಗಡಿಗಳು ಕೊಡುವ ಬಿಲ್ಲು ಶಾಯಿಯಲ್ಲಿ ಬರೆದದ್ದಲ್ಲ. ಬಿಸಿ ತಾಗಿ ಕಪ್ಪಾಗುವ ಕಾಗದದ್ದು. ಒಂದು ಮಳೆಗಾಲವನ್ನು ಅಟ್ಟದ ಡಬ್ಬಿಯಲ್ಲಿ ಕಳೆದ ನನ್ನ ಬಿಲ್ಲು ಹೊರತೆಗೆದಾಗ ಗಂಧದ ನೀರಿನಲ್ಲಿ ಬರೆದಂತೆ ಮಸುಕಾಗಿತ್ತು. ಅಜ್ಜನ ಕಾಲದ ಕೈಬರಹದ ಚೀಟಿಗಳು ಅದೇ ಡಬ್ಬಿಯಲ್ಲಿ ಸ್ವಚ್ಛವಾಗಿವೆ. ಕೊಂಡ ದಿನವೇ ಬಿಲ್ಲಿನ ನೆರಳಚ್ಚು ಮಾಡಿಸುವುದು ಒಳ್ಳೆಯದು. ಬಿಲ್ಲನ್ನೇ ಕೊಡದಿರುವುದು ಅನುಚಿತ ವ್ಯಾಪಾರವೆಂದು 2019ರ ಕಾಯಿದೆ ಎಣಿಸಿದೆ.

ಇನ್ನು ದೂರು ಕೊಡುವುದೆಲ್ಲಿ? ನಮ್ಮ ಜಿಲ್ಲೆಯ ಆಯೋಗವಿರುವುದು ಕಾರವಾರದಲ್ಲಿ. ಶಿರಸಿಯವರು ದೇವಿಮನೆ ಘಟ್ಟ ಇಳಿಯಬೇಕು, ಯಲ್ಲಾಪುರದವರು ಅರಬೈಲು ಘಟ್ಟ ಇಳಿಯಬೇಕು. ಸಿದ್ದಾಪುರದವರಿಗಂತೂ ದಿನವಿಡೀ ಪ್ರಯಾಣ. ಮೊದಲ ಕಾಯಿದೆಯ ಕಾಲದಲ್ಲಿ ಎದುರು ಪಕ್ಷದವರು ಇರುವ ಕಡೆ, ಇಲ್ಲವೆ ದೂರಿಗೆ ಕಾರಣ ಹುಟ್ಟಿದ ಕಡೆ ಹೋಗಬೇಕಾಗಿತ್ತು. ಈಗ ದೂರುದಾರ ವಾಸವಾಗಿರುವ ಜಿಲ್ಲೆಯಲ್ಲಿಯೇ ಕೊಡಬಹುದು. ದೂರದ ಊರಿನಿಂದ ತರಿಸಿಕೊಂಡ ಫೋನಿಗೂ ಇದು ಸಲ್ಲುತ್ತದೆ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಣಕಯಂತ್ರದ ಮೂಲಕ ದೂರು ಕೊಟ್ಟು, ಅನುಮತಿ ಬೇಡಿ ದೃಶ್ಯಸಂವಾದದಲ್ಲಿ ಹಾಜರಾಗಲೂಬಹುದು. ಆದರೆ ಅದಕ್ಕೆ ಬೇಕಾದ್ದು ನಡೆಯುವ ಒಂದು ಫೋನು, ಅದಕ್ಕೆ ಸಿಗ್ನಲ್ಲು! 2020ರಲ್ಲಿ ಈ ಮೂರು ತಾಲೂಕಿನ ಮಕ್ಕಳು ಪಾಠ ಕೇಳಲು ಗುಡ್ಡದ ನೆತ್ತಿಯಲ್ಲಿ ತಾಡಪತ್ರಿ ಕಟ್ಟಿಕೊಂಡು ಕೂತದ್ದನ್ನು ನಾವು ಯಾರೂ ಮರೆತಿಲ್ಲ.

ಬೇರೆ ದೇಶಗಳು ಇನ್ನೊಂದು ದಾರಿ ಹಿಡಿದಿವೆ. ಕೆಟ್ಟ ಮೇಲೆ ಜಗಳವಾಡುವ ಬದಲು ರಿಪೇರಿಗೆ ಒದಗುವಂತೆಯೇ ತಯಾರಿಸಿ ಎನ್ನುವ ದಾರಿ. ಫ್ರಾನ್ಸಿನಲ್ಲಿ 2021ರಿಂದ ಫೋನಿನ ಪಕ್ಕದಲ್ಲಿ, ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ತೋರಿಸತೊಡಗಿದರು. ಯುರೋಪಿನ ಒಕ್ಕೂಟವು 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕೆಂದು ವಿಧಿಸಿದೆ. ನಮ್ಮ ಕೇಂದ್ರ ಸರಕಾರವೂ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿಯೊಂದನ್ನು ನೇಮಿಸಿತು. ಎತ್ತಿನ ಗಾಡಿಯ ಗಾಲಿಯಿಂದ ಹಿಡಿದು ರೇಡಿಯೋದವರೆಗೆ ಎಲ್ಲವನ್ನೂ ಬಿಚ್ಚಿ ಕಟ್ಟಿ ಬಾಳಿಸಿದ ನಾಡಿಗೆ ಈ ಹಕ್ಕನ್ನು ಹೊರಗಿನಿಂದ ಕಲಿಯಬೇಕಾಗಿ ಬಂದದ್ದು ವಿಚಿತ್ರವೇ.

ನನ್ನ ಫೋನಿನ ಕಥೆ ಕಾರವಾರದವರೆಗೆ ಹೋಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ತಮ್ಮನ ಫೋನಿನಿಂದ ದೂರು ಹೇಳಿದೆ. ಕಂಪನಿಗೂ ಕಾಗದ ಬರೆದು, ಆ ಎರಡು ಸಾಲಿನ ಪ್ರತಿ ಲಗತ್ತಿಸಿದೆ. ಮೂರು ವಾರ ಕಳೆದು ಉತ್ತರ ಬಂತು. ತಮ್ಮ ಹೊಣೆ ಏನೂ ಇಲ್ಲವೆಂದೂ, ಆದರೂ ಸದ್ಭಾವನೆಯ ದ್ಯೋತಕವಾಗಿ, ಈ ಒಂದು ಸಲದ ಮಟ್ಟಿಗೆ, ಫಲಕವನ್ನು ಹಣವಿಲ್ಲದೆ ಬದಲಿಸಿಕೊಡುವೆವೆಂದೂ ಬರೆದಿದ್ದರು. ಹಕ್ಕೆಂದು ಕೇಳಿದ್ದನ್ನು ದಾನವೆಂದು ಕೊಟ್ಟರು. ಒಪ್ಪದೆ ಆಯೋಗದ ಮೆಟ್ಟಿಲು ಹತ್ತಿದ್ದರೆ ಒಂದು ತೀರ್ಪಾಗುತ್ತಿತ್ತು, ನಾಲ್ಕು ಜನಕ್ಕೆ ದಾರಿಯಾಗುತ್ತಿತ್ತು ಎಂದು ಸ್ನೇಹಿತರು ಈಗಲೂ ನನ್ನನ್ನು ಆಕ್ಷೇಪಿಸುತ್ತಾರೆ. ಅವರ ಮಾತು ಸರಿ. ಆದರೆ ತೋಟದಲ್ಲಿ ಕೊಳೆಗೆ ಮದ್ದು ಹೊಡೆಯುವ ದಿನಗಳು. ಬಿಸಿಲು ಬಿದ್ದ ಒಂದು ದಿನವನ್ನು ಕಾರವಾರಕ್ಕೆ ಕೊಡುವ ಧೈರ್ಯ ನನಗಾಗಲಿಲ್ಲ. ಒಪ್ಪಿಕೊಂಡೆ.

ಫೋನು ಬಂತು, ಹೊಸದರಂತೆ ನಡೆಯುತ್ತಿದೆ. ದೀಪಾವಳಿ ಕಳೆದ ಮೇಲೆ ಅದನ್ನೇ ಹಿಡಿದುಕೊಂಡು ಸಿದ್ದಾಪುರಕ್ಕೆ ಹೋದೆ. ಅತ್ತೆಗೆ ಈಗ ಎಂಬತ್ತನಾಲ್ಕು. ಜಗಲಿಯಲ್ಲಿ ಗೋಡೆಗೊರಗಿ ಕೂತು, ಹನ್ನೊಂದರಲ್ಲಿ ಏಳು ಹಾಡುಗಳನ್ನು ಮತ್ತೆ ಹೇಳಿದಳು. ಉಳಿದ ನಾಲ್ಕರ ಮೊದಲ ಸಾಲುಗಳನ್ನು ನಾನೇ ನೆನಪಿಸಿದೆ. ಅವಳು ಬಹಳ ಹೊತ್ತು ಯೋಚಿಸಿ, ‘ಇದನ್ನು ನಾನು ಹೇಳಿದ್ದೆನೇ?’ ಎಂದು ಕೇಳಿದಳು.